ಅರುವತ್ತರ ಲೆಕ್ಕ, ಆಳಿನ ಲೆಕ್ಕ

ಸುಮೇರಿಯನ್ನರ ಹೆಸರು ಕೇಳಿದೊಡನೆ ಗಿಲ್ಗಮೇಶನ ಕಥೆಯೋ ಊರ್ ನಗರದ ಜಿಗ್ಗುರಾತ್ ಗೋಪುರವೋ ನೆನಪಿಗೆ ಬರುವುದು ಸಹಜ. ಆದರೆ ದಕ್ಷಿಣ ಇರಾಕಿನ ದಿಬ್ಬಗಳಿಂದ ಹೊರಬಂದ ಸುಮೇರಿಯನ್ ಮಣ್ಣಿನ ಫಲಕಗಳಲ್ಲಿ ಬಹುಪಾಲು ಕಾವ್ಯವೂ ಅಲ್ಲ, ಸ್ತೋತ್ರವೂ ಅಲ್ಲ, ಲೆಕ್ಕ. ಊರ್‌ನ ಮೂರನೆಯ ರಾಜವಂಶದ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಪೂ. 2112ರಿಂದ 2004ರವರೆಗೆ, ಉಮ್ಮಾ, ಗಿರ್ಸು, ಪುಜ್ರಿಶ್-ದಗಾನ್ ಮುಂತಾದೆಡೆಗಳ ಲಿಪಿಕಾರರು ಬರೆದಿಟ್ಟ ಹತ್ತಾರು ಸಾವಿರ ಫಲಕಗಳು ಇಂದಿಗೂ ಉಳಿದಿವೆ. ಎಷ್ಟು ಧಾನ್ಯ ಬಂತು, ಎಷ್ಟು ಆಳು ದುಡಿದರು, ಯಾರಿಗೆ ಎಷ್ಟು ಪಡಿ ಸಂದಿತು, ಕೊನೆಗೆ ಬಾಕಿ ಎಷ್ಟು ಎಂಬುದೇ ಅವುಗಳ ವಿಷಯ.

ಇಂಥ ಲೆಕ್ಕವನ್ನು ಗಣಕಯಂತ್ರದಿಂದ ಮಾಡಿಸುವ ಯತ್ನ ಹೊಸದಲ್ಲ. ಹಾನ್ಸ್ ನಿಸ್ಸೆನ್, ಪೀಟರ್ ಡಮೆರೋವ್, ರಾಬರ್ಟ್ ಎಂಗ್ಲುಂಡ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಬರ್ಲಿನ್‌ನಲ್ಲಿ ಉರುಕ್ ನಗರದ ಆದಿಫಲಕಗಳ ಸಂಖ್ಯಾಚಿಹ್ನೆಗಳನ್ನು ಗಣಕದ ನೆರವಿನಿಂದ ಪರಿಶೀಲಿಸಿದರು. ಒಂದೇ ಚಿಹ್ನೆ ಎಲ್ಲೆಡೆಯೂ ಒಂದೇ ಬೆಲೆಯದಲ್ಲವೆಂಬುದು ಅಲ್ಲಿನ ಮುಖ್ಯ ತೊಡಕು. ಕುರಿಯನ್ನೆಣಿಸುವಾಗ ಚಿಕ್ಕ ವೃತ್ತವು ಚಿಕ್ಕ ಗೀರಿನ ಹತ್ತರಷ್ಟು. ಬಾರ್ಲಿ ಎಂದು ಕರೆಯುವ ಜವೆಗೋಧಿಯನ್ನು ಅಳೆಯುವಾಗ ಅದೇ ವೃತ್ತ ಅದೇ ಗೀರಿನ ಆರರಷ್ಟು ಮಾತ್ರ. ಏನನ್ನು ಎಣಿಸುತ್ತಿದ್ದೇವೆಂಬುದನ್ನು ಮರೆತು ಸಂಖ್ಯೆಯನ್ನಷ್ಟೇ ಓದಿದವನು ಅಲ್ಲಿ ತಪ್ಪುವುದು ಖಂಡಿತ.

ಸಾವಿರ ವರ್ಷಗಳ ಅನಂತರದ ಊರ್ ಲೆಕ್ಕಕ್ಕೆ ಕ್ರಮವಿಧಿ ಬರೆಯಹೊರಟವನಿಗೂ ಈ ಎಚ್ಚರ ಬೇಕು. ಧಾನ್ಯದ ಅಳತೆಯಲ್ಲಿ 10 ಸಿಲಕ್ಕೆ ಒಂದು ಬನ್, 6 ಬನ್‌ಗೆ ಒಂದು ಬರಿಗ, 5 ಬರಿಗಕ್ಕೆ ಒಂದು ಗುರ್. ಹೀಗೆ ಒಂದು ಗುರ್ ಎಂದರೆ 300 ಸಿಲ. ಸಿಲವೆಂಬುದು ಸುಮಾರು ಒಂದು ಲೀಟರು. ಸೇರು, ಕೊಳಗ, ಖಂಡುಗಗಳನ್ನು ಬಲ್ಲವರಿಗೆ ಈ ಮೆಟ್ಟಿಲುಗಳು ತೀರ ಅಪರಿಚಿತವೆನಿಸಲಾರವು. ತೂಕದಲ್ಲಿ 180 ಶೆಗೆ ಒಂದು ಗಿನ್, 60 ಗಿನ್‌ಗೆ ಒಂದು ಮನ, 60 ಮನಕ್ಕೆ ಒಂದು ಗು. ಶೆ ಎಂದರೆ ಜವೆಗೋಧಿಯ ಕಾಳು. ಗಿನ್ ಎಂಟು ಗ್ರಾಮಿಗಿಂತ ತುಸು ಹೆಚ್ಚು. ಆದರೆ ಗಿನ್ ಎಂಬ ಹೆಸರು ತೂಕಕ್ಕೆ ಮಾತ್ರ ಮೀಸಲಲ್ಲ; ನೆಲದ ವಿಸ್ತೀರ್ಣಕ್ಕೂ ಅಗೆದ ಮಣ್ಣಿನ ಗಾತ್ರಕ್ಕೂ ಅದೇ ಹೆಸರು. ಯಂತ್ರಕ್ಕೆ ಇವು ಮೂರು ಬೇರೆಯೆಂದು ಮೊದಲೇ ಹೇಳದಿದ್ದರೆ ಅದು ಮಣ್ಣನ್ನೂ ಬೆಳ್ಳಿಯನ್ನೂ ಕೂಡಿಸಿಬಿಡುತ್ತದೆ.

ಅರುವತ್ತರ ಆಧಾರದ ಸೊಗಸು ಭಾಗಾಕಾರದಲ್ಲಿ ಕಾಣುತ್ತದೆ. ನಮ್ಮ ದಶಮಾಂಶದಲ್ಲಿ ಮೂರನೆಯ ಒಂದು ಭಾಗ ಎಂದೂ ಮುಗಿಯದ ಅಂಕಿಗಳ ಸಾಲು. ಅರುವತ್ತರಲ್ಲಿ ಅದು ಸರಿಯಾಗಿ 20. ಅತ್ತ ಗಣಕಯಂತ್ರದ ಎರಡರ ಆಧಾರದಲ್ಲಿ ಹತ್ತನೆಯ ಒಂದು ಭಾಗವೂ ಮುಗಿಯದು. ಆದ್ದರಿಂದ ಬಲ್ಲವನು ಭಿನ್ನರಾಶಿಗಳ ಗೊಡವೆಗೆ ಹೋಗದೆ ಎಲ್ಲವನ್ನೂ ಅತಿ ಕಿರಿಯ ಮಾನಕ್ಕಿಳಿಸಿ, ಪೂರ್ಣಾಂಕಗಳಲ್ಲಿ ಲೆಕ್ಕ ಹಾಕಿ, ಕಟ್ಟಕಡೆಗೆ ಮತ್ತೆ ಗುರ್, ಬರಿಗ, ಸಿಲಗಳಾಗಿ ವಿಂಗಡಿಸುತ್ತಾನೆ.

ಒಂದು ಕಾಲುವೆಯನ್ನು ಕಲ್ಪಿಸಿಕೊಳ್ಳಬಹುದು. ಉದ್ದ 60 ಮೀಟರು, ಅಗಲ 3 ಮೀಟರು, ಆಳ 1 ಮೀಟರು. ತೆಗೆಯಬೇಕಾದ ಮಣ್ಣು 180 ಘನಮೀಟರು. ಸುಮೇರಿಯನ್ ಮಾನದಲ್ಲಿ 10 ಸಾರ್, ಅಂದರೆ 600 ಗಿನ್. ಸುಲಭದ ನೆಲದಲ್ಲಿ ಒಬ್ಬ ಆಳು ದಿನಕ್ಕೆ 10 ಗಿನ್, ಎಂದರೆ 3 ಘನಮೀಟರು, ಅಗೆಯಬೇಕೆಂಬುದು ಅಂದಿನ ನಿಗದಿ. ಅಲ್ಲಿಗೆ 60 ಆಳುದಿನಗಳು. ದಿನಕ್ಕೆ 6 ಸಿಲದ ಕೂಲಿಗೆ ಹೊರಗಿನವರನ್ನು ಕರೆದರೆ 360 ಸಿಲ, ಎಂದರೆ ಒಂದು ಗುರ್ ಒಂದು ಬರಿಗ. ಬೆಳ್ಳಿಯ ಒಂದು ಗಿನ್‌ಗೆ ಜವೆಗೋಧಿಯ ಒಂದು ಗುರ್ ಎಂಬುದು ಆ ಕಾಲದ ಲೆಕ್ಕದ ದರ; ಆ ಪ್ರಕಾರ ಕಾಲುವೆಯ ಬೆಲೆ ಒಂದು ಗಿನ್ 36 ಶೆ.

ಅದೇ ಕಾಲುವೆಯನ್ನು ಪಡಿಯಾಳುಗಳಿಂದ ತೋಡಿಸಿದರೆ ಉತ್ತರ ಬೇರೆ. ಗಂಡಾಳಿಗೆ ತಿಂಗಳಿಗೆ 60 ಸಿಲ, ಎಂದರೆ ದಿನಕ್ಕೆ ಎರಡೇ ಸಿಲ ಪಡಿ. 60 ದಿನಕ್ಕೆ 120 ಸಿಲ. ಬೆಳ್ಳಿಯಲ್ಲಿ 72 ಶೆ. ವರ್ಷಕ್ಕೊಮ್ಮೆ ಕೊಡುವ ಉಣ್ಣೆಯನ್ನು ಇದರಲ್ಲಿ ಸೇರಿಸಿಲ್ಲ. ಮಣ್ಣು ಅಷ್ಟೇ, ಗುದ್ದಲಿ ಅದೇ, ಬಿಸಿಲೂ ಅದೇ. ಧಾನ್ಯ ಮಾತ್ರ ಮೂರರಲ್ಲಿ ಒಂದು ಪಾಲು. ಕ್ರಮವಿಧಿಯ ದೃಷ್ಟಿಯಲ್ಲಿ ಬದಲಾದದ್ದು ಆರರ ಎಡೆಯಲ್ಲಿ ಎರಡೆಂಬ ಒಂದೇ ಅಂಕಿ. ಅಂಕಿಯ ಹಿಂದೆ ಬದಲಾದದ್ದು ಒಬ್ಬ ಮನುಷ್ಯನ ಸ್ಥಿತಿ. ಒಬ್ಬನು ದುಡಿಮೆಯನ್ನು ಮಾರಿದವನು, ಇನ್ನೊಬ್ಬನು ದುಡಿಮೆಗೆ ಕಟ್ಟುಬಿದ್ದವನು.

ಹೆಣ್ಣಾಳುಗಳ ಲೆಕ್ಕ ಇನ್ನೂ ಬಿಗಿಯಾದುದು. ಬೀಸುವ ಕಲ್ಲಿನ ಮುಂದೆ, ಮಗ್ಗದ ಮುಂದೆ ಕುಳಿತ ಆ ಹೆಂಗಸರಿಗೆ ಸಾಮಾನ್ಯವಾಗಿ ತಿಂಗಳಿಗೆ 30 ಸಿಲ ಪಡಿ. ಲೆಕ್ಕದ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ. ಅದರಲ್ಲಿ ಗಂಡಾಳಿಗೆ ಹತ್ತನೆಯ ಒಂದು ಪಾಲು, ಹೆಣ್ಣಾಳಿಗೆ ಆರನೆಯ ಒಂದು ಪಾಲು ಬಿಡುವಿನ ದಿನಗಳೆಂದು ಕಳೆಯುತ್ತಿದ್ದರು. ಒಬ್ಬ ಮೇಸ್ತ್ರಿಯ ಕೈಕೆಳಗೆ 20 ಹೆಂಗಸರಿದ್ದಾರೆಂದು ಭಾವಿಸಿದರೆ ವರ್ಷದ ಆರಂಭದಲ್ಲಿಯೇ ಅವನ ತಲೆಯ ಮೇಲೆ 7200 ಆಳುದಿನಗಳ ಹೊರೆ ಬೀಳುತ್ತದೆ. ಬಿಡುವಿನ 1200 ಕಳೆದರೆ ಉಳಿದದ್ದು 6000. ಅವನು ಒಪ್ಪಿಸಿದ ಹಿಟ್ಟು, ಮಾಡಿಸಿದ ಇತರ ಕೆಲಸ, ಕಾಯಿಲೆ ಬಿದ್ದವರ ದಿನ, ಸತ್ತವರ ದಿನ, ಎಲ್ಲವೂ ದಿನಗಳಾಗಿ ಮಾರ್ಪಟ್ಟು ಜಮೆಯ ಕಡೆ ಸೇರುತ್ತವೆ. ಜಮೆ 5400 ಮುಟ್ಟಿದರೆ 600 ದಿನ ಬಾಕಿ. ಆ ಬಾಕಿ ಮನ್ನಾ ಆಗುವುದಿಲ್ಲ. ಮುಂದಿನ ವರ್ಷದ ಫಲಕದ ಮೊದಲ ಸಾಲಾಗುತ್ತದೆ.

ಈ ಲೆಕ್ಕಗಳನ್ನು ಬಿಡಿಸಿ ತೋರಿಸಿದ ಎಂಗ್ಲುಂಡ್ ಕಂಡುಕೊಂಡಂತೆ ನಿಗದಿಗಳೇ ದುಡಿಯುವವರ ಶಕ್ತಿಯನ್ನು ಮೀರಿದಂತಿದ್ದವು. ಮೇಸ್ತ್ರಿಗಳ ಖಾತೆಯಲ್ಲಿ ಬಾಕಿಯೇ ಸಾಮಾನ್ಯ, ಮಿಗತೆ ವಿರಳ. ಬಾಕಿ ಉಳಿಸಿ ಮೇಸ್ತ್ರಿ ಸತ್ತರೆ ಅವನ ಮನೆಯನ್ನೇ ಅರಸೊತ್ತಿಗೆ ವಶಪಡಿಸಿಕೊಳ್ಳಬಹುದಿತ್ತು. ಇತರರ ದಿನಗಳನ್ನು ಎಣಿಸಿದವನ ಮನೆಮಂದಿಯೂ ಆಗ ಅದೇ ಎಣಿಕೆಯೊಳಗೆ ಸೇರಿಹೋಗುತ್ತಿದ್ದರು.

ಹಾಗೆಂದು ಲೆಕ್ಕವನ್ನೇ ದೂರುವುದು ನ್ಯಾಯವಲ್ಲ. ಆ ಹೆಂಗಸರು ಇದ್ದರೆಂಬುದಕ್ಕೆ ಉಳಿದ ಸಾಕ್ಷಿ ಆ ಲೆಕ್ಕವೇ. ಪಡಿಯ ಪಟ್ಟಿಗಳಲ್ಲಿ ಅವರ ಹೆಸರುಗಳಿವೆ. ಪಕ್ಕದಲ್ಲಿ ಮಕ್ಕಳ ಪಾಲಿನ ಹತ್ತು, ಹದಿನೈದು, ಇಪ್ಪತ್ತು ಸಿಲಗಳಿವೆ. ಯಾವ ಕವಿಯೂ ಹಾಡದ ಹೆಸರುಗಳನ್ನು ಲೆಕ್ಕಿಗನು ಪಡಿ ತಪ್ಪಬಾರದೆಂದು ಬರೆದಿಟ್ಟನು.

ಆ ವಂಶದ ಕೊನೆಯ ಅರಸ ಇಬ್ಬಿ-ಸಿನ್‌ನಿಗೆ ಅವನ ಅಧಿಕಾರಿ ಇಶ್ಬಿ-ಎರ್ರ ಬರೆದನೆನ್ನುವ ಪತ್ರವೊಂದು ಮುಂದಿನ ಕಾಲದ ಶಾಲಾ ಪ್ರತಿಗಳಲ್ಲಿ ಉಳಿದಿದೆ. ಅದು ನಿಜವಾದ ಪತ್ರದ ನಕಲೋ ಶಾಲೆಯ ರಚನೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಧಾನ್ಯ ಕೊಳ್ಳಲು ಅವನಿಗೆ ಕೊಟ್ಟದ್ದು 20 ಗು ಬೆಳ್ಳಿ; ಕೊಂಡದ್ದು 72,000 ಗುರ್ ಜವೆಗೋಧಿ. ಇಪ್ಪತ್ತನ್ನು ಅರುವತ್ತರಿಂದ, ಮತ್ತೆ ಅರುವತ್ತರಿಂದ ಗುಣಿಸಿದರೆ 72,000 ಗಿನ್, ಗಿನ್‌ಗೊಂದು ಗುರ್. ಯಾವ ಯಂತ್ರದಲ್ಲಿ ಹಾಕಿದರೂ ಲೆಕ್ಕ ಒಂದು ಸಿಲವೂ ತಪ್ಪುವುದಿಲ್ಲ. ಆದರೆ ಅಮೋರೈಟರು ದಾರಿಗೆ ಅಡ್ಡಬಂದುದರಿಂದ ಧಾನ್ಯ ಇಸಿನ್ ನಗರದಲ್ಲಿಯೇ ನಿಂತಿತೆಂದು ಪತ್ರ ಹೇಳುತ್ತದೆ. ಸಾಗಿಸಲು ದೋಣಿಗಳನ್ನು ಬೇಡುತ್ತದೆ. ಮುಂದೆ ಇಶ್ಬಿ-ಎರ್ರ ಇಸಿನ್‌ನಲ್ಲಿ ತಾನೇ ಅರಸನಾದನು. ಊರ್‌ನಲ್ಲಿ ಧಾನ್ಯದ ಬೆಲೆ ಹಲವು ಪಟ್ಟು ಏರಿತು, ಕ್ರಿ.ಪೂ. 2004ರ ಸುಮಾರಿಗೆ ಎಲಾಮರ ಕೈಯಲ್ಲಿ ಆ ನಗರ ಬಿದ್ದಿತು.

ಬಿಡಿಸಲಾಗದ ಬಾಕಿಗಳಿದ್ದ ಖಾತೆಗಳೂ ಅಲ್ಲಿಗೆ ನಿಂತವು. ಇಂದು ಕ್ರಮವಿಧಿ ಬರೆಯುವವನು ಒಂದು ಫಲಕದ ಅಂಕಿಗಳನ್ನು ಉಣಿಸಿದರೆ ಉತ್ತರ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮೂಡುತ್ತದೆ: ಆರುನೂರು ದಿನ ಬಾಕಿ. ಲೆಕ್ಕವನ್ನು ತಾಳೆ ನೋಡಿ ಮುಂದಿನ ಫಲಕಕ್ಕೆ ಹೋಗುವ ಮುನ್ನ, ಆ ದಿನಗಳು ಯಾರವು ಎಂದು ಪಟ್ಟಿಯ ಹೆಸರುಗಳನ್ನೊಮ್ಮೆ ಓದುವ ಕೆಲಸ ಮಾತ್ರ ಅವನ ಪಾಲಿಗೇ ಉಳಿಯುತ್ತದೆ.