ಉಣ್ಣೆ ನೋಡುವ ಭಾನುವಾರ

ಬಸವನಗುಡಿ, ಮಲ್ಲೇಶ್ವರ, ಜಯನಗರಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, 1970 ಮತ್ತು 1980ರ ದಶಕಗಳಲ್ಲಿ, ಸಾಕುನಾಯಿಯ ಮೈಯ ಆರೈಕೆ ಪೂರ್ತಿಯಾಗಿ ಮನೆಯವರ ಕೆಲಸವಾಗಿತ್ತು. ಹಣ ಕೊಟ್ಟು ಹೊರಗಿನವರಿಂದ ಅದನ್ನು ಮಾಡಿಸುವ ರೂಢಿ, ದಂಡು ಪ್ರದೇಶದ ಕೆಲವು ಬಂಗಲೆಗಳನ್ನು ಬಿಟ್ಟರೆ, ಕಾಣುತ್ತಿರಲಿಲ್ಲ. ನಾಯಿಯನ್ನು ನಡುಮನೆಯವರೆಗೂ ಬಿಟ್ಟುಕೊಳ್ಳದ, ಬಚ್ಚಲಿಗಂತೂ ಸೇರಿಸದ ಮನೆಗಳೇ ಹೆಚ್ಚಾಗಿದ್ದುದರಿಂದ, ಅದರ ಸ್ನಾನ ನಡೆಯುತ್ತಿದ್ದುದು ಹಿತ್ತಲಿನ ಒಗೆಯುವ ಕಲ್ಲಿನ ಬಳಿ. ಬಟ್ಟೆ ಒಗೆದು ಮುಗಿದ ಮೇಲೆ, ಹಂಡೆಯಲ್ಲಿ ಉಳಿದ ಬಿಸಿನೀರಿಗೆ ತಣ್ಣೀರು ಬೆರೆಸಿ, ತೆಂಗಿನ ಮರಕ್ಕೋ ಸೀಬೆ ಗಿಡಕ್ಕೋ ಸರಪಳಿ ಬಿಗಿದು, ಚೊಂಬಿನಿಂದ ನೀರು ಹೊಯ್ಯುವುದು ವಾಡಿಕೆಯಾಗಿತ್ತು. ಆ ದಿನಗಳನ್ನು ಕಣ್ಣಾರೆ ಕಂಡವರಿಗೆ ಅದು ಸೊಗಸಿನ ಕೆಲಸವಾಗಿರಲಿಲ್ಲ, ನಾಯಿಯ ಮೈಯನ್ನು ವಾರಕ್ಕೊಮ್ಮೆ ಕೈಯಿಂದ ತಡವಿ ನೋಡುವ ಕೆಲಸವಾಗಿತ್ತು ಎಂಬುದು ಚೆನ್ನಾಗಿ ಗೊತ್ತು. ಅನಂತರದ ಐವತ್ತು ವರ್ಷಗಳ ಬದಲಾವಣೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ.

ಆ ಮನೆಗಳಲ್ಲಿ ಹೆಚ್ಚಾಗಿದ್ದುದು ಎರಡು ಬಗೆಯ ನಾಯಿಗಳು. ಒಂದು, ಬೀದಿಯಿಂದ ಮರಿಯಾಗಿ ತಂದು ಸಾಕಿದ ನಾಡನಾಯಿ; ಮತ್ತೊಂದು, ಜನರು ಪಾಮೇರಿಯನ್ ಎಂದೇ ಕರೆಯುತ್ತಿದ್ದ, ಆದರೆ ನಿಜವಾಗಿ ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಸ್ ನಾಯಿಗಳಿಂದ ಹುಟ್ಟಿ ಇಲ್ಲಿಯ ಹವೆಗೆ ಒಗ್ಗಿದ, ಇಂಡಿಯನ್ ಸ್ಪಿಟ್ಸ್ ಎಂಬ ತಳಿ. ನಾಡನಾಯಿಯ, ಹಾಗೆಯೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಕೂದಲು ಗಿಡ್ಡವಾಗಿ ಮೈಗೆ ಅಂಟಿಕೊಂಡಿರುವುದರಿಂದ, ಒದ್ದೆ ಬಟ್ಟೆಯಿಂದ ಒರೆಸಿ ಅಂಗೈಯಿಂದ ತಿಕ್ಕಿದರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತದೆ. ಸ್ಪಿಟ್ಸ್‌ನದು ಎರಡು ಪದರದ ಕೂದಲು: ಹೊರಗೆ ಉದ್ದನೆಯ ಒರಟು ಎಳೆ, ಅದರಡಿಯಲ್ಲಿ ಮೃದುವಾದ ದಟ್ಟ ಒಳಗೂದಲು. ಈ ಒಳಗೂದಲು ಉದುರುವ ಕಾಲದಲ್ಲಿ ಬಾಚದೆ ಬಿಟ್ಟರೆ, ಉದುರಿದ್ದು ಹೊರಪದರದಲ್ಲಿ ಸಿಕ್ಕಿಕೊಂಡು ಜಡೆಗಟ್ಟುತ್ತದೆ. ಜಡೆಯ ಕೆಳಗೆ ಗಾಳಿಯಾಡದೆ ಚರ್ಮ ಬೆವೆತಂತಾಗಿ ಕಜ್ಜಿ ಏಳುತ್ತದೆ. ಬೇಸಿಗೆಯ ಸೆಕೆಗೆ ಮರುಗಿ ಇಂತಹ ನಾಯಿಯನ್ನು ಬೋಳಿಸುತ್ತಿದ್ದ ಮನೆಗಳೂ ಇದ್ದವು. ಬಿಸಿಲಿನಿಂದ ಚರ್ಮವನ್ನು ಕಾಯುವುದು ಆ ಹೊರಪದರವೇ ಎಂಬುದು ಅವರಿಗೆ ತಿಳಿದಿರಲಿಲ್ಲ.

ಕ್ರಮ ಹೀಗಿರುತ್ತಿತ್ತು. ಮೊದಲು ಒಣಗೂದಲನ್ನೇ ಬಾಚಬೇಕು, ನೀರು ಆಮೇಲೆ. ಏಕೆಂದರೆ ಸಿಕ್ಕು ನೆನೆದರೆ ಇನ್ನಷ್ಟು ಬಿಗಿಯುತ್ತದೆ. ನಾಯಿಗೆಂದೇ ಮಾಡಿದ ಬಾಚಣಿಗೆ ಅಪರೂಪವಾಗಿದ್ದುದರಿಂದ ಮನೆಯ ಹಳೆಯ ಅಗಲ ಹಲ್ಲಿನ ಬಾಚಣಿಗೆಯನ್ನೂ, ಚಿಗಟ ಇದ್ದರೆ ಮಕ್ಕಳ ತಲೆಯ ಹೇನು ತೆಗೆಯುವ ಸೀರಣಿಗೆಯನ್ನೂ ಅದಕ್ಕೆ ಬಿಟ್ಟುಕೊಡುತ್ತಿದ್ದರು. ಬೇವಿನ ಸೊಪ್ಪು ಕುದಿಸಿದ ನೀರಿನಿಂದ ಮೈ ತೊಳೆದು, ಗೋಣಿತಾಟಿನಿಂದ ಒರೆಸಿ, ಬಿಸಿಲಿಗೆ ಕಟ್ಟಿ ಒಣಗಿಸಿದ ನಂತರ ಮುಖ್ಯವಾದ ಕೆಲಸ ಶುರುವಾಗುತ್ತಿತ್ತು. ಅದು ಉಣ್ಣೆ ನೋಡುವುದು. ಉಣ್ಣೆ ಎಂದರೆ ಚರ್ಮಕ್ಕೆ ಬಾಯಿ ನಾಟಿ, ದಿನಗಟ್ಟಲೆ ಅಲ್ಲೇ ಕಚ್ಚಿಕೊಂಡು ರಕ್ತ ಹೀರುವ ಎಂಟು ಕಾಲಿನ ಜೀವಿ. ಗಂಡು ಚಿಕ್ಕದಾಗಿ ಕಂದು ಬಣ್ಣಕ್ಕಿದ್ದರೆ, ರಕ್ತ ಕುಡಿದು ಉಬ್ಬಿದ ಹೆಣ್ಣು ಬೂದು ಬಣ್ಣಕ್ಕೆ ತಿರುಗಿ ಹರಳುಬೀಜದಷ್ಟು ದಪ್ಪವಾಗುತ್ತದೆ. ಒಬ್ಬರು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾತಾಡಿಸುತ್ತಿದ್ದರೆ, ಇನ್ನೊಬ್ಬರು, ಹೆಚ್ಚಾಗಿ ಮಕ್ಕಳ ತಲೆ ನೋಡಿ ಬೆರಳು ಪಳಗಿದ ಅಜ್ಜಿ, ಕೂದಲನ್ನು ಬೈತಲೆ ತೆಗೆದಂತೆ ಬಿಡಿಸುತ್ತ ಹೋಗುತ್ತಿದ್ದರು. ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಕಾಲ್ಬೆರಳುಗಳ ಸಂದು, ಬಾಲದ ಬುಡ: ಉಣ್ಣೆ ಅಡಗುವ ಜಾಗಗಳು ಇವೇ ಆದುದರಿಂದ ಇವನ್ನು ಬಿಡುವಂತಿರಲಿಲ್ಲ. ಸಿಕ್ಕಿದ ಉಣ್ಣೆಯನ್ನು ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ಎಳೆದು, ಪಕ್ಕದಲ್ಲಿದ್ದ ಕರಟದ ಸೀಮೆಎಣ್ಣೆಗೆ ಹಾಕುತ್ತಿದ್ದರು. ಉಗುರಿನಿಂದ ಕುಕ್ಕಬಾರದೆಂದು ಹಿರಿಯರು ಗದರುತ್ತಿದ್ದುದಕ್ಕೆ ಅಸಹ್ಯವೇ ಕಾರಣವಾಗಿದ್ದೀತು, ಆದರೆ ಒಡೆದ ಉಣ್ಣೆಯ ರಕ್ತದಲ್ಲಿ ರೋಗಾಣುಗಳಿರುವ ಸಾಧ್ಯತೆಯಿರುವುದರಿಂದ ಆ ಗದರಿಕೆ ಸರಿಯಾಗಿಯೇ ಇತ್ತು.

ಈ ಹುಡುಕಾಟದ ಬೆಲೆ ಎಷ್ಟೆಂಬುದು ರೋಗದ ಕಡೆಯಿಂದ ನೋಡಿದಾಗ ತಿಳಿಯುತ್ತದೆ. ನಮ್ಮ ಮನೆಗಳ ನಾಯಿಗಳನ್ನು ಕಾಡುವ ಕಂದು ಉಣ್ಣೆ, ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯವನ್ನೂ, ಕೆಂಪು ರಕ್ತಕಣಗಳನ್ನು ಹೊಕ್ಕು ನಾಶಮಾಡುವ ಬಬೇಸಿಯಾ ಎಂಬ ಪರೋಪಜೀವಿಯನ್ನೂ ಒಂದು ನಾಯಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಮೊದಲನೆಯದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಕಡಿಮೆಯಾಗಿ, ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುವವರೆಗೂ ಹೋಗುತ್ತದೆ. ಉಬ್ಬಿದ ಹೆಣ್ಣು ನಾಯಿಯ ಮೈಬಿಟ್ಟು ಇಳಿದು, ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಆದ್ದರಿಂದ ನಾಯಿಯನ್ನು ಎಷ್ಟು ತೊಳೆದರೂ ಅದು ಮಲಗುವ ಜಗಲಿಯ ಸಂದುಗಳನ್ನು ನೋಡಿಕೊಳ್ಳದಿದ್ದರೆ ಕಾಟ ತಪ್ಪುವುದಿಲ್ಲ. ಹಬ್ಬದ ಹೊತ್ತಿಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಮನೆಗಳಲ್ಲಿ, ಬಿರುಕುಗಳು ಮುಚ್ಚಿಹೋಗಿ, ಈ ಕೆಲಸವೂ ಒಂದಷ್ಟು ಆಗಿಬಿಡುತ್ತಿತ್ತು.

ಹಾಗೆಂದು ಆ ಕಾಲದ ಆರೈಕೆಯನ್ನೆಲ್ಲ ಕೊಂಡಾಡುವಂತಿಲ್ಲ. ಹೊಲಕ್ಕೂ ಸೊಳ್ಳೆಗೂ ಬಳಸುತ್ತಿದ್ದ ಗಮಾಕ್ಸಿನ್, ಅಂದರೆ ಬಿ.ಎಚ್.ಸಿ. ಎಂಬ ಕೀಟನಾಶಕದ ಪುಡಿಯನ್ನು ನೇರವಾಗಿ ನಾಯಿಯ ಮೈಗೆ ಉದುರಿಸಿ ಉಜ್ಜುವುದು ಬಹಳ ಮನೆಗಳಲ್ಲಿ ಕಂಡುಬರುತ್ತಿತ್ತು. ಈ ವಿಷ ಚರ್ಮದ ಮೂಲಕವೂ, ನಾಯಿ ತನ್ನ ಮೈಯನ್ನು ತಾನೇ ನೆಕ್ಕುವುದರಿಂದ ಬಾಯಿಯ ಮೂಲಕವೂ ಒಳಸೇರಿ ನರಮಂಡಲವನ್ನು ಕೆಡಿಸುತ್ತದೆ. ಮರಿಗಳು ನಡುಗಿ ನೆಲಕ್ಕೆ ಬಿದ್ದಾಗ ಅದನ್ನು ಮೂರ್ಛೆರೋಗವೆಂದೋ ದೃಷ್ಟಿ ತಾಗಿತೆಂದೋ ತಿಳಿದದ್ದು ನೋವಿನ ಸಂಗತಿ. ಭಾರತದಲ್ಲಿ ಬಿ.ಎಚ್.ಸಿ.ಗೆ 1997ರಲ್ಲಿಯೂ, ಅದರ ಶುದ್ಧರೂಪವಾದ ಲಿಂಡೇನ್‌ಗೆ 2013ರಲ್ಲಿಯೂ ನಿಷೇಧ ಬಂದಿತು. ಸೋಪಿನದು ಇದಕ್ಕಿಂತ ಸಣ್ಣ ತಪ್ಪು, ಆದರೆ ಹೆಚ್ಚು ವ್ಯಾಪಕವಾದುದು. ಮನುಷ್ಯನ ಚರ್ಮ ತುಸು ಆಮ್ಲೀಯವಾಗಿದ್ದರೆ ನಾಯಿಯದು ಅದಕ್ಕಿಂತ ಕ್ಷಾರದ ಕಡೆಗೆ ವಾಲಿದ್ದು, ಅದರ ಹೊರಚರ್ಮ ಮನುಷ್ಯನದಕ್ಕಿಂತ ತೆಳುವಾಗಿರುತ್ತದೆ. ಮೈಸೋಪಿನಿಂದಲೋ ಬಟ್ಟೆಸೋಪಿನಿಂದಲೋ ವಾರವಾರವೂ ತಿಕ್ಕಿದರೆ ಚರ್ಮದ ಎಣ್ಣೆಯಂಶ ಹೋಗಿ, ಹೊಟ್ಟು ಎದ್ದು, ತುರಿಕೆ ಹೆಚ್ಚುತ್ತಿತ್ತು. ತುರಿಸಿಕೊಳ್ಳುವುದನ್ನು ಕಂಡು ಕೊಳೆಯೆಂದು ಮತ್ತೆ ತೊಳೆಯುತ್ತಿದ್ದರು.

ಬದಲಾವಣೆಗೆ ದಾರಿಯಾದದ್ದು ತಳಿಗಳು ಮತ್ತು ಮನೆಗಳು, ಎರಡೂ ಒಟ್ಟಿಗೆ ಬದಲಾದದ್ದು. 1994ರ ಒಂದು ಹಿಂದಿ ಚಿತ್ರದಿಂದ ಬಿಳಿಯ ಸ್ಪಿಟ್ಸ್ ದೇಶದಾದ್ಯಂತ ಮನೆಮಾತಾಯಿತು. 2003ರಲ್ಲಿ ಬಂದ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ ಪಗ್ ನಾಯಿಗೆ ಬೇಡಿಕೆ ಹುಟ್ಟಿತು. ಮುಖದ ಮಡಿಕೆಗಳನ್ನು ಆಗಾಗ ಒರೆಸಿ ಒಣಗಿಸದಿದ್ದರೆ ಅಲ್ಲಿ ಕೊಳೆತು ಹುಣ್ಣಾಗುವ ಈ ತಳಿಯ ಹಿಂದೆಯೇ ಗೋಲ್ಡನ್ ರಿಟ್ರೀವರ್, ಹಸ್ಕಿ, ಶೀಟ್ಸು ಬಂದವು. ಶೀಟ್ಸುವಿನ ಕೂದಲು ಮನುಷ್ಯನ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಹೋಗುವುದರಿಂದ ಅದನ್ನು ಕತ್ತರಿಸಲೇಬೇಕು, ಮತ್ತು ಹಾಗೆ ಕತ್ತರಿಸುವ ಅಭ್ಯಾಸ ಇಲ್ಲಿಯ ಯಾವ ಮನೆಯಲ್ಲಿಯೂ ಇರಲಿಲ್ಲ. ಅದೇ ಹೊತ್ತಿಗೆ ಹಿತ್ತಲುಗಳು ಹೋಗಿ ಅಪಾರ್ಟ್‌ಮೆಂಟುಗಳೆದ್ದವು. ಒಂದು ಸ್ನಾನಕ್ಕೆ ಬಾತ್‌ರೂಮಿನ ಮೋರಿಯೇ ಕೂದಲಿನಿಂದ ಕಟ್ಟಿಕೊಳ್ಳತೊಡಗಿತು. ಮಣ್ಣು ಮತ್ತು ಡಾಂಬರಿನ ಮೇಲೆ ಓಡಾಡಿ ತಾನಾಗಿ ಸವೆಯುತ್ತಿದ್ದ ಉಗುರು, ನುಣುಪಾದ ಟೈಲ್ಸಿನ ಮೇಲೆ ಸವೆಯದೆ ಉದ್ದವಾಗಿ ಕೊಕ್ಕೆಯಾಗತೊಡಗಿತು. ಉಗುರಿನ ಒಳಗೆ ರಕ್ತನಾಳವೂ ನರವೂ ಇರುವ ಜೀವಭಾಗವಿದ್ದು, ಕಪ್ಪು ಉಗುರಿನಲ್ಲಿ ಅದು ಕಾಣುವುದಿಲ್ಲ. ಒಮ್ಮೆ ಕತ್ತರಿ ಅದಕ್ಕೆ ತಗುಲಿ ರಕ್ತ ಬಂದು, ಅರಿಶಿನ ಒತ್ತಿ ನಿಲ್ಲಿಸಿದ ಮೇಲೆ ಮನೆಯವರಿಗೆ ಮತ್ತೆ ಕೈಹಾಕಲು ಧೈರ್ಯ ಬಾರದೆ, ನಾಯಿಯೂ ಪಾದ ಮುಟ್ಟಗೊಡದೆ, ಪಾರ್ಲರಿಗೆ ಹೋಗುವುದು ಅನಿವಾರ್ಯವಾಯಿತು.

ಪಾರ್ಲರುಗಳು ತಂದ ಒಳಿತು ದೊಡ್ಡದು. ಎತ್ತರದ ಮೇಜು, ನಾಯಿಗೆಂದೇ ತಯಾರಾದ ಶಾಂಪೂ, ಒಳಗೂದಲಿನವರೆಗೂ ಒಣಗಿಸುವ ಗಾಳಿಯಂತ್ರ, ಕಿವಿಯ ನಾಳ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆಂದು ಅರಿತು ಹೊರಭಾಗವನ್ನಷ್ಟೇ ಶುಚಿಮಾಡುವ ಎಚ್ಚರ, ಇವೆಲ್ಲ ಹಿತ್ತಲಿನಲ್ಲಿ ಇರಲಿಲ್ಲ. ಇವುಗಳ ಜೊತೆಗೆ ಕಳೆದ ದಶಕದಲ್ಲಿ ನಾಯಿ ಅಗಿದು ತಿನ್ನುವ ಮಾತ್ರೆಗಳು ಬಂದವು. ಅವುಗಳ ಔಷಧ ರಕ್ತದಲ್ಲಿ ವಾರಗಟ್ಟಲೆ ಉಳಿದು, ಕಚ್ಚಿದ ಉಣ್ಣೆಯನ್ನು ಕೊಲ್ಲುತ್ತದೆ. ಗಮಾಕ್ಸಿನ್ ಕಂಡ ತಲೆಮಾರಿಗೆ ಇದು ಕಡಿಮೆ ಸಮಾಧಾನವಲ್ಲ. ಆದರೆ ಉಣ್ಣೆ ಇಲ್ಲವಾದಂತೆ ಉಣ್ಣೆ ನೋಡುವ ಕೈಯೂ ಇಲ್ಲವಾಯಿತು. ಹಿಂದೆ ಅಜ್ಜಿಯ ಬೆರಳಿಗೆ ಉಣ್ಣೆಯ ಜೊತೆಗೆ ಹೆಣ್ಣುನಾಯಿಯ ಕೆಚ್ಚಲಿನ ಸಣ್ಣ ಗಂಟು, ಬೆರಳಸಂದಿನಲ್ಲಿ ಹೊಕ್ಕ ಹುಲ್ಲಿನ ಮುಳ್ಳು, ಒಳಮುಖವಾಗಿ ಬೆಳೆದು ಚರ್ಮಕ್ಕೆ ನಾಟುತ್ತಿದ್ದ ಹೆಬ್ಬೆರಳ ಉಗುರು ತಾವಾಗಿ ಸಿಗುತ್ತಿದ್ದವು. ಕೆಚ್ಚಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಫಲಿಸುವುದು ಅದು ಚಿಕ್ಕದಿರುವಾಗ. ಉದ್ದಗೂದಲಿನ ನಾಯಿಯಲ್ಲಿ ಅದು ಕಣ್ಣಿಗೆ ಬೀಳುವಷ್ಟು ಬೆಳೆಯುವವರೆಗೆ ಕಾಯುವುದೆಂದರೆ ತಡಮಾಡುವುದೇ ಸರಿ.

2020ರ ಲಾಕ್‌ಡೌನ್‌ನಲ್ಲಿ ಪಾರ್ಲರುಗಳು ಮುಚ್ಚಿದಾಗ ಈ ಕೊರತೆ ಒಮ್ಮೆಲೇ ಎದ್ದು ಕಂಡಿತು. ವಾರಗಳು ಕಳೆದಂತೆ ಶೀಟ್ಸುಗಳ ಕಣ್ಣು ಕೂದಲಿನಲ್ಲಿ ಮುಚ್ಚಿಹೋಗಿ, ಕಿವಿಯ ಹಿಂದೆ ಜಡೆ ಬಿಗಿದಾಗ, ಬೆಂಗಳೂರಿನ ಅನೇಕ ಮನೆಗಳಲ್ಲಿ ಜನರು ವಿಡಿಯೊ ನೋಡಿಕೊಂಡು ಕ್ಲಿಪ್ಪರ್ ಹಿಡಿಯುವುದನ್ನೂ, ಮೊನೆಯಿಲ್ಲದ ಕತ್ತರಿಯಿಂದ ಪಾದದ ಅಡಿಯ ಕೂದಲು ತೆಗೆಯುವುದನ್ನೂ ಕಲಿತರು. ಆಮೇಲೆ ಅವರಲ್ಲಿ ಬಹುಪಾಲು ಮಂದಿ ಪಾರ್ಲರಿಗೆ ಮರಳಿದರೂ, ಬಾಚಣಿಗೆ ಮಾತ್ರ ಮನೆಯಲ್ಲಿ ಉಳಿಯಿತು. ಈಗ ಪಾರ್ಲರಿನವರೇ, ಜಡೆಗಟ್ಟಿದ ನಾಯಿಯನ್ನು ತಂದರೆ ಬೋಳಿಸದೆ ಬೇರೆ ದಾರಿಯಿಲ್ಲವೆಂದು ಮೊದಲೇ ತಿಳಿಸಿ, ಎರಡು ಭೇಟಿಗಳ ನಡುವೆ ಮಾಡಬೇಕಾದುದನ್ನು ಮೇಜಿನ ಮೇಲೆಯೇ ತೋರಿಸಿಕೊಡುತ್ತಾರೆ: ಕೂದಲನ್ನು ಪದರಪದರವಾಗಿ ಎತ್ತಿ ಹಿಡಿದು ಬುಡ ಕಾಣುವಂತೆ ಬಾಚಬೇಕು, ಸಿಕ್ಕಿದ್ದಲ್ಲಿ ಬುಡವನ್ನು ಬೆರಳಿನಿಂದ ಒತ್ತಿ ಹಿಡಿದು ತುದಿಯಿಂದ ಬಿಡಿಸುತ್ತ ಬರಬೇಕು, ಬಾಚಿ ಮುಗಿದ ಮೇಲೆ ಬಾಚಣಿಗೆ ಕೆಳಗಿಟ್ಟು ಬರಿಗೈಯಿಂದ ಒಮ್ಮೆ ಇಡೀ ಹೊಟ್ಟೆಯನ್ನೂ ಕಂಕುಳನ್ನೂ ಸವರಿ ನೋಡಬೇಕು.