ಹಿತ್ತಲ ಗಿಡ



'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹತ್ತಿರವಿರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಅದರ ಇಂಗಿತ. ಆದರೆ ಬೆಲೆ ತಿಳಿದಿದ್ದರೂ ಹಿತ್ತಲ ಗಿಡವು ಮದ್ದಾಗದೇ ಹೋಗುವ ಸಂದರ್ಭವೂ ಉಂಟು ಎಂಬುದನ್ನು ನಾನು ಕಂಡದ್ದು 2024ರ ಅಕ್ಟೋಬರ್ ತಿಂಗಳಲ್ಲಿ, ಅಮೆರಿಕದ ಓಹಿಯೊ ರಾಜ್ಯದ ಒಂದು ಸಣ್ಣ ಊರಿನಲ್ಲಿ, ನನ್ನ ಅಕ್ಕನ ಮನೆಯಲ್ಲಿ.

ಅಕ್ಕನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ಹೊಸದಾಗಿ ಕಟ್ಟಿದ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ ಕಾಣುತ್ತಿತ್ತು. ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಜುಲೈ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮುಗಿದು ಕಿಮೋಥೆರಪಿ ನಡೆಯುತ್ತಿತ್ತು. ಆದರೆ ಆಕೆ ಚಿಕಿತ್ಸೆಗೆಂದು ಹೋಗುತ್ತಿದ್ದುದು ರಸ್ತೆಯಾಚೆಗಲ್ಲ, 60 ಮೈಲಿ ದೂರದ ನಗರಕ್ಕೆ. ಭಾವ ತೀರಿಕೊಂಡು ಎಂಟು ವರ್ಷಗಳಾಗಿದ್ದವು; ಮಗ ಕ್ಯಾಲಿಫೋರ್ನಿಯಾದಲ್ಲಿ. ಹೀಗಾಗಿ ಧರ್ಮಕೇಂದ್ರದ ಗೆಳತಿಯರು ಸರದಿಯಂತೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಅವರಲ್ಲಿ ಅಕ್ಕನಿಗಿಂತ ಹಿರಿಯರೂ ಇದ್ದರು.

"ಎದುರಿಗೇ ಇರುವಾಗ ಅಷ್ಟು ದೂರ ಏಕಕ್ಕಾ?" ಎಂದು ನಾನು ಕೇಳಿದೆ.

"ನನ್ನ ಕಾರ್ಡು ಅಲ್ಲಿ ನಡೆಯುವುದಿಲ್ಲ" ಎಂದಳು.

ಆ ಕಾರ್ಡು ಆಕೆಯ ಕೈಸೇರಲು ಕಾರಣನಾದವನು ನಾನೇ ಎಂಬುದನ್ನು ಮೊದಲೇ ನಿಮ್ಮೊಡನೆ ಹೇಳಿಕೊಂಡುಬಿಡುತ್ತೇನೆ.

ಅಕ್ಕ 1979ರಲ್ಲಿ ಮೈಸೂರಿನಿಂದ ದಾದಿಯಾಗಿ ಅಮೆರಿಕಕ್ಕೆ ಹೋದವಳು. ಮೂವತ್ತೆಂಟು ವರ್ಷಗಳಿಗೂ ಮೀರಿ ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿದು 2018ರಲ್ಲಿ, ತನಗೆ 65 ತುಂಬಿದಾಗ, ನಿವೃತ್ತಳಾದಳು. ಆ ದೇಶದಲ್ಲಿ 65 ಎಂಬುದು ಒಂದು ಗಡಿ. ಅಂದಿನಿಂದ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಹಿರಿಯರ ಕೈಹಿಡಿಯುತ್ತದೆ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಈ ಕಾಯಿದೆಗೆ ಸಹಿ ಹಾಕಿ, ಮೊದಲ ಕಾರ್ಡನ್ನು ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರಿಗೆ ನೀಡಿದರು. ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಯ ಭಾಗಕ್ಕೆ ಪ್ರೀಮಿಯಂ ಇಲ್ಲ. ವೈದ್ಯರ ಭೇಟಿ, ಪರೀಕ್ಷೆಗಳು, ಹೊರರೋಗಿ ಚಿಕಿತ್ಸೆ ಇವುಗಳ ಭಾಗಕ್ಕೆ ತಿಂಗಳಿಗಿಷ್ಟೆಂದು ಕಟ್ಟಬೇಕು. 2018ರಲ್ಲಿ ಹೆಚ್ಚಿನವರಿಗೆ ಅದು 134 ಡಾಲರ್ ಇತ್ತು, 2025ರಲ್ಲಿ 185 ಡಾಲರ್ ಆಯಿತು.

ಇಲ್ಲಿಗೆ ಮುಗಿದಿದ್ದರೆ ಎಷ್ಟೋ ಸುಲಭ. ಆದರೆ ಈ ಮೂಲ ಮೆಡಿಕೇರ್ ಹೊರರೋಗಿ ಚಿಕಿತ್ಸೆಯ ಖರ್ಚಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 80ರಷ್ಟನ್ನು ಮಾತ್ರ ಕೊಡುತ್ತದೆ. ಉಳಿದ 20ಕ್ಕೆ ಮೇಲ್ಮಿತಿ ಎಂಬುದೇ ಇಲ್ಲ. ಆದುದರಿಂದ ಹಿರಿಯರು ಕವಲುದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಒಂದು ದಾರಿಯೆಂದರೆ ಮೂಲ ಮೆಡಿಕೇರನ್ನೇ ಇಟ್ಟುಕೊಂಡು, ಆ 20ರ ಭಾರ ಹೊರಲು ಮೆಡಿಗ್ಯಾಪ್ ಎಂಬ ಪೂರಕ ವಿಮೆಯನ್ನೂ, ಔಷಧಗಳಿಗಾಗಿ ಇನ್ನೊಂದು ವಿಮೆಯನ್ನೂ ಕೊಳ್ಳುವುದು. ಇದರಲ್ಲಿ ಖರ್ಚು ಹೆಚ್ಚು. ಆದರೆ ಮೆಡಿಕೇರ್ ಸ್ವೀಕರಿಸುವ ಯಾವ ವೈದ್ಯರ ಬಳಿಗಾದರೂ, ದೇಶದ ಯಾವ ಮೂಲೆಗಾದರೂ ಹೋಗಬಹುದು. ಇನ್ನೊಂದು ದಾರಿ ಮೆಡಿಕೇರ್ ಅಡ್ವಾಂಟೇಜ್. ಇಲ್ಲಿ ಸರ್ಕಾರದ ಹಣ ಪಡೆದು ಖಾಸಗಿ ವಿಮಾ ಕಂಪನಿ ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ನೋಡಿಕೊಳ್ಳುತ್ತದೆ. ಎಷ್ಟೋ ಯೋಜನೆಗಳಿಗೆ ಹೆಚ್ಚುವರಿ ಪ್ರೀಮಿಯಂ ಸೊನ್ನೆ. ಮೂಲ ಮೆಡಿಕೇರ್ ಕೊಡದ ಹಲ್ಲಿನ ಚಿಕಿತ್ಸೆ, ಕನ್ನಡಕ ಮುಂತಾದವೂ ಹಲವು ಕಡೆ ಸಿಗುತ್ತವೆ. ವರ್ಷದಲ್ಲಿ ರೋಗಿ ಕೈಯಿಂದ ಕೊಡಬೇಕಾದ ಹಣಕ್ಕೆ ಮಿತಿಯೂ ಉಂಟು. ಆದರೆ ಸಾಮಾನ್ಯವಾಗಿ ಕಂಪನಿ ಒಪ್ಪಂದ ಮಾಡಿಕೊಂಡಿರುವ ವೈದ್ಯರು, ಆಸ್ಪತ್ರೆಗಳ ಬಳಿಗೇ ಹೋಗಬೇಕು. ದೊಡ್ಡ ಚಿಕಿತ್ಸೆಗಳಿಗೆ ಮುಂಗಡ ಒಪ್ಪಿಗೆಯನ್ನೂ ಪಡೆಯಬೇಕು.

2018ರಲ್ಲಿ ಅಕ್ಕ ಫೋನು ಮಾಡಿ ಯಾವುದನ್ನು ಆರಿಸಲೆಂದು ನನ್ನನ್ನು ಕೇಳಿದಳು. ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವನು. ಲೆಕ್ಕದಲ್ಲಿ ನನ್ನನ್ನು ಸೋಲಿಸುವವರಿಲ್ಲವೆಂಬ ಹಮ್ಮು ಇತ್ತು. ಪೂರಕ ವಿಮೆಗೆ ತಿಂಗಳಿಗೆ ನೂರು ಡಾಲರಿಗೂ ಹೆಚ್ಚೆಂದಳು. ಅಡ್ವಾಂಟೇಜಿಗೆ ಸೊನ್ನೆ ಎಂದಳು. ನಾನು ಎರಡನೆಯ ಪ್ರಶ್ನೆಯನ್ನೇ ಕೇಳಲಿಲ್ಲ. "ನಿನಗೆ ಜ್ವರ ಬಂದದ್ದನ್ನೇ ನಾನು ನೋಡಿಲ್ಲ. ಸೊನ್ನೆ ಇರುವಾಗ ನೂರು ಕೊಡುವುದೇಕೆ?" ಎಂದೆ. ಅಕ್ಕ ಹಾಗೆಯೇ ಮಾಡಿದಳು.

ಆಗ ಆ ಮಾತು ಪೂರ್ತಿ ತಪ್ಪೆನಿಸುವಂತಿರಲಿಲ್ಲ. ಆ ಊರಿನಲ್ಲಿ ಅಂದು ಇದ್ದದ್ದು ಒಂದು ಚಿಕ್ಕ ಆಸ್ಪತ್ರೆ, ಮತ್ತು ಅಕ್ಕನ ಕುಟುಂಬವೈದ್ಯರ ಚಿಕಿತ್ಸಾಲಯ. ಎರಡೂ ಆಕೆಯ ಯೋಜನೆಯ ಪಟ್ಟಿಯಲ್ಲಿದ್ದವು. ದೊಡ್ಡ ಕಾಯಿಲೆಗೆ ಹೇಗೂ ನಗರಕ್ಕೇ ಹೋಗಬೇಕಿತ್ತು. ಮುಂದಿನ ಆರು ವರ್ಷಗಳಲ್ಲಿ ಊರು ಬೆಳೆಯಿತು. ಹೊರರೋಗಿ ಶಸ್ತ್ರಚಿಕಿತ್ಸೆಯ ಕಟ್ಟಡ ಬಂತು, ಹೃದಯ ತಜ್ಞರು ಬಂದರು, ಕೊನೆಗೆ ಕ್ಯಾನ್ಸರ್ ಕೇಂದ್ರವೂ ಬಂತು. ಆದರೆ ಅವು ಬೇರೊಂದು ಆಸ್ಪತ್ರೆ ಸಮೂಹಕ್ಕೆ ಸೇರಿದವು. ಅಕ್ಕನ ವಿಮಾ ಕಂಪನಿಗೂ ಆ ಸಮೂಹಕ್ಕೂ ಒಪ್ಪಂದವಿರಲಿಲ್ಲ. ಊರು ಬದಲಾಗಿತ್ತು, ಅಕ್ಕನ ದೇಹವೂ ಬದಲಾಗಿತ್ತು; ಕಾರ್ಡು ಮಾತ್ರ 2018ರ ಊರಿಗೂ 2018ರ ಆರೋಗ್ಯಕ್ಕೂ ಹೊಂದುವಂತೆಯೇ ಉಳಿದಿತ್ತು.

ಕಿಮೋಥೆರಪಿ ಮುಗಿದ ಮೇಲೆ ಜನವರಿಯಿಂದ ವಿಕಿರಣ ಚಿಕಿತ್ಸೆ ಎಂದು ವೈದ್ಯರು ಹೇಳಿದ್ದರು. ವಾರಕ್ಕೆ ಐದು ದಿನದಂತೆ ಐದು ವಾರ. ದಿನವೊಂದಕ್ಕೆ ಹೋಗಿಬರಲು 120 ಮೈಲಿ. ಬ್ಯಾಂಕಿನ ಅಭ್ಯಾಸಬಲದಿಂದ ನಾನು ಗುಣಿಸಿದೆ: ಒಟ್ಟು 3,000 ಮೈಲಿ. ಅದೂ ಹಿಮ ಬೀಳುವ ತಿಂಗಳುಗಳಲ್ಲಿ, ಎಪ್ಪತ್ತು ದಾಟಿದ ಗೆಳತಿಯರು ಓಡಿಸುವ ಕಾರಿನಲ್ಲಿ.

ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಹಿರಿಯರು ತಮ್ಮ ಯೋಜನೆಯನ್ನು ಬದಲಿಸಿಕೊಳ್ಳಬಹುದು. ಹೊಸದು ಜಾರಿಗೆ ಬರುವುದು ಜನವರಿ 1ರಂದು. ನಾನು ಹೋದದ್ದು ಸರಿಯಾಗಿ ಆ ದಿನಗಳಲ್ಲೇ. ಮೇಜಿನ ಮೇಲೆ ಬಣ್ಣಬಣ್ಣದ ಪತ್ರಗಳ ರಾಶಿ. ಟೀವಿ ಹಾಕಿದರೂ ಅದೇ ಜಾಹೀರಾತು. ನಾನು ಮತ್ತೆ ಜಾಣನಾಗಲು ಹೊರಟೆ. "ಮೂಲ ಮೆಡಿಕೇರಿಗೆ ಹಿಂದಿರುಗು, ಪೂರಕ ವಿಮೆ ಕೊಂಡುಕೋ, ಎದುರಿನ ಕೇಂದ್ರಕ್ಕೆ ಹೋಗು" ಎಂದೆ.

ಮೂಲ ಮೆಡಿಕೇರಿಗೆ ಹಿಂದಿರುಗಲು ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಪೂರಕ ವಿಮೆಗೆ. ಓದುಗರೇ, ನಾವು ಗಮನಿಸಬೇಕಾದ ಅಂಶ ಇದು. 65 ತುಂಬಿ, ಮೆಡಿಕೇರಿನ ವೈದ್ಯಕೀಯ ಭಾಗಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಿ ಯಾವ ಕಾಯಿಲೆ ಇದ್ದರೂ ಕಂಪನಿಗಳು ಮೆಡಿಗ್ಯಾಪ್ ಕೊಡಲೇಬೇಕು. 65ರಲ್ಲೇ ಅಡ್ವಾಂಟೇಜ್ ಸೇರಿದವರಿಗೆ ಮೊದಲ ಒಂದು ವರ್ಷದೊಳಗೆ ಮನಸ್ಸು ಬದಲಿಸುವ ಹಕ್ಕೂ ಉಂಟು. ಆ ಬಳಿಕ ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ಎಂಬ ನಾಲ್ಕು ರಾಜ್ಯಗಳನ್ನು ಬಿಟ್ಟರೆ ಉಳಿದ ಬಹುತೇಕ ಕಡೆಗಳಲ್ಲಿ ಕಂಪನಿಗಳು ಆರೋಗ್ಯದ ಪ್ರಶ್ನೆಗಳನ್ನು ಕೇಳಿ ನಿರಾಕರಿಸಬಹುದು. ನಾವು ಎರಡು ಕಂಪನಿಗಳಿಗೆ ಫೋನು ಮಾಡಿದೆವು. ಕಾಯಿಲೆಯ ಹೆಸರು ಹೇಳುತ್ತಿದ್ದಂತೆ ಎರಡೂ ಕಡೆಯಿಂದ ವಿನಯದ ನಿರಾಕರಣೆ ಬಂತು. ಪೂರಕ ವಿಮೆಯಿಲ್ಲದೆ ಹಿಂದಿರುಗಿದರೆ ಮಿತಿಯಿಲ್ಲದ ಆ ನೂರಕ್ಕೆ 20 ಆಕೆಯ ತಲೆಯ ಮೇಲೆ.

ಅಂದು ರಾತ್ರಿ ಹಳೆಯ ಕಾಗದಗಳನ್ನು ಹುಡುಕುವಾಗ 2018ರ ಒಂದು ಲಕೋಟೆ ಸಿಕ್ಕಿತು. ಅದರ ಬೆನ್ನ ಮೇಲೆ ಅಕ್ಕನ ದುಂಡು ಕನ್ನಡದಲ್ಲಿ ಎರಡು ಮೊತ್ತಗಳಿದ್ದವು. ಸೊನ್ನೆಯ ಸುತ್ತ ಗೆರೆ ಎಳೆದು, ಪಕ್ಕದಲ್ಲಿ 'ತಮ್ಮ ಹೇಳಿದ' ಎಂದು ಬರೆದಿದ್ದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅಕ್ಕ ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀನು ಹೇಳಿದೆ, ನಾನು ಕೇಳಿದೆ. ಸಹಿ ಹಾಕಿದವಳು ನಾನು. ಮೂವತ್ತೆಂಟು ವರ್ಷ ರೋಗಿಗಳ ಮಂಚದ ಪಕ್ಕ ನಿಂತವಳಿಗೆ, ಅವರ ಬಿಲ್ಲು ಯಾರು ಕೊಡುತ್ತಾರೆಂದು ಕೇಳಬೇಕೆನಿಸಲೇ ಇಲ್ಲ ನೋಡು" ಎಂದು ನಕ್ಕಳು. ಆ ನಗು ನನ್ನ ಭಾರವನ್ನು ಇಳಿಸಲಿಲ್ಲ.

ಮರುವಾರ ಊರಿನ ಗ್ರಂಥಾಲಯಕ್ಕೆ ಹೋದೆವು. ಅಮೆರಿಕದ ಪ್ರತಿ ರಾಜ್ಯದಲ್ಲೂ ಮೆಡಿಕೇರ್ ಕುರಿತು ಹಿರಿಯರಿಗೆ ಪುಕ್ಕಟೆಯಾಗಿ ಸಲಹೆ ನೀಡುವ ಸರ್ಕಾರಿ ವ್ಯವಸ್ಥೆಯಿದೆ. ತರಬೇತಿ ಪಡೆದ ಸ್ವಯಂಸೇವಕರೂ ಅಲ್ಲಿ ಕುಳಿತಿರುತ್ತಾರೆ. ಅವರು ಯಾವ ಕಂಪನಿಯ ಪರವಾಗಿಯೂ ಮಾರುವವರಲ್ಲ. ನಮಗೆ ಸಿಕ್ಕಿದವರು ನಿವೃತ್ತ ಶಾಲಾ ಶಿಕ್ಷಕಿ. ಅವರು ಪ್ರೀಮಿಯಂ ಮಾತನ್ನೇ ಮೊದಲು ಎತ್ತಲಿಲ್ಲ. ಯಾವ ವೈದ್ಯರನ್ನು ಬಿಡಲಾರಿರಿ? ಯಾವ ಆಸ್ಪತ್ರೆ ಬೇಕು? ಯಾವ ಔಷಧಗಳು? ವರ್ಷದಲ್ಲಿ ಎಷ್ಟು ತಿಂಗಳು ಊರಿನಿಂದ ಹೊರಗಿರುತ್ತೀರಿ? ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. 2018ರಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆಗಳು ಇವೇ ಆಗಿದ್ದವು.

ಇಲ್ಲಿ ಒಂದು ಸಮಾಧಾನ ಕಾದಿತ್ತು. ಅಡ್ವಾಂಟೇಜ್ ಯೋಜನೆಗಳನ್ನು ಕೌಂಟಿಗಳ ಲೆಕ್ಕದಲ್ಲಿ, ಅಂದರೆ ಸುಮಾರಾಗಿ ನಮ್ಮ ಜಿಲ್ಲೆಗಳಂತಹ ಘಟಕಗಳ ಲೆಕ್ಕದಲ್ಲಿ, ಮಾರುತ್ತಾರೆ. 2024ರಲ್ಲಿ ಆ ದೇಶದ ಹಿರಿಯರೊಬ್ಬರ ಮುಂದೆ ಸರಾಸರಿ 43 ಅಡ್ವಾಂಟೇಜ್ ಯೋಜನೆಗಳಿದ್ದವು. ಮೆಡಿಕೇರಿನ ಅರ್ಹರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ದಾರಿಯಲ್ಲಿದ್ದರು. ಒಂದು ಅಡ್ವಾಂಟೇಜಿನಿಂದ ಮತ್ತೊಂದಕ್ಕೆ ಹೋಗುವವರನ್ನು ಕಾಯಿಲೆಯ ಕಾರಣಕ್ಕೆ ನಿರಾಕರಿಸುವಂತಿಲ್ಲ. ಊರಿಗೆ ಹೊಸ ಆಸ್ಪತ್ರೆ ಸಮೂಹ ಬಂದಂತೆ, ಅದರೊಡನೆ ಒಪ್ಪಂದ ಮಾಡಿಕೊಂಡ ಯೋಜನೆಗಳೂ ಬಂದಿದ್ದವು. ಶಿಕ್ಷಕಿ ಹುಡುಕಿ ಹುಡುಕಿ ಒಂದನ್ನು ತೋರಿಸಿದರು. ಎದುರಿನ ಕ್ಯಾನ್ಸರ್ ಕೇಂದ್ರ ಅದರ ಪಟ್ಟಿಯಲ್ಲಿತ್ತು. ಕೇಂದ್ರಕ್ಕೇ ಫೋನು ಮಾಡಿ, ಯೋಜನೆಯ ಪೂರ್ಣ ಹೆಸರು ಹೇಳಿ ಖಚಿತಪಡಿಸಿಕೊಳ್ಳುವಂತೆಯೂ ತಿಳಿಸಿದರು. ಅಚ್ಚಾದ ಪಟ್ಟಿ ಹಳತಾಗಿರಬಹುದಂತೆ. ತಿಂಗಳಿಗೆ ನಲವತ್ತು ಡಾಲರಿನಷ್ಟು ಪ್ರೀಮಿಯಂ. ಹಳೆಯ ಯೋಜನೆಯಲ್ಲಿ ಆ ವರ್ಷ ಕೈಯಿಂದ ಕೊಟ್ಟ ಹಣ ಹೊಸದರ ಮಿತಿಗೆ ಸೇರುವುದಿಲ್ಲ. ಜನವರಿ 1ರಿಂದ ಮತ್ತೆ ಮೊದಲಿನಿಂದ ಎಣಿಕೆ. ಇದೆಲ್ಲವನ್ನೂ ಅಕ್ಕ ತಲೆಯಾಡಿಸುತ್ತ ಒಪ್ಪಿದಳು.

ಕೊನೆಗೆ ಶಿಕ್ಷಕಿ ಮೆಲ್ಲನೆ ಹೇಳಿದರು: "ನಿಮ್ಮ ಕುಟುಂಬವೈದ್ಯರು ಇದರಲ್ಲಿಲ್ಲ."

ಅಕ್ಕ ಸುಮ್ಮನಾದಳು. ಇಪ್ಪತ್ತೆರಡು ವರ್ಷಗಳ ವೈದ್ಯರು ಅವರು. ಭಾವನ ಕೊನೆಯ ವಾರದಲ್ಲಿ, ತಮ್ಮ ಚಿಕಿತ್ಸಾಲಯ ಮುಚ್ಚಿದ ಮೇಲೆ ಮನೆಗೇ ಬಂದು ಕುಳಿತು ಹೋಗುತ್ತಿದ್ದವರು. ಅಕ್ಕನ ಎದೆಯ ಗಂಟನ್ನು ಮೊದಲು ಪತ್ತೆಹಚ್ಚಿದವರೂ ಅವರೇ. ಅಕ್ಕ ನನ್ನ ಮುಖ ನೋಡಿದಳು. ಆರು ವರ್ಷಗಳ ಹಿಂದೆ ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟಿದ್ದ ನಾನು ಈ ಬಾರಿ ಬಾಯಿ ತೆರೆಯಲಿಲ್ಲ. ಎರಡು ದಿನ ಯೋಚಿಸಿ ಆಕೆಯೇ ನಿರ್ಧರಿಸಿದಳು. "ಹಿಮದಲ್ಲಿ ಅವರೆಲ್ಲರನ್ನೂ 3,000 ಮೈಲಿ ಓಡಾಡಿಸಲಾರೆ. ಡಾಕ್ಟರು ಅರ್ಥ ಮಾಡಿಕೊಳ್ಳುತ್ತಾರೆ" ಎಂದಳು.

ಡಿಸೆಂಬರಿನ ಕೊನೆಯ ವಾರದಲ್ಲಿ ನಾವಿಬ್ಬರೂ ಆ ವೈದ್ಯರ ಬಳಿಗೆ ಹೋದೆವು. ನಾನು ಮೈಸೂರಿನಿಂದ ಒಯ್ದಿದ್ದ ಕಾಫಿಪುಡಿಯ ಒಂದು ಪೊಟ್ಟಣವನ್ನು ಅಕ್ಕ ಅವರಿಗೆ ಕೊಟ್ಟಳು. ಅವರು ಎದ್ದುನಿಂತು ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡರು. ವಿಮೆಯ ಮಾತು ಅಲ್ಲಿ ಬರಲಿಲ್ಲ.

ನಾನು ಊರಿಗೆ ಮರಳಿದ ಮೇಲೆ ಜನವರಿಯಲ್ಲಿ ಅಕ್ಕ ಫೋನು ಮಾಡಿದಳು. ಅನ್ನಕ್ಕಿಟ್ಟು ಹೋದರೆ ಆರುವ ಮುನ್ನ ಹಿಂದಿರುಗುವಷ್ಟು ಹತ್ತಿರವೆಂದಳು. ಹೊಸ ವೈದ್ಯರು ಒಳ್ಳೆಯವರೇ; ಆದರೆ ಭಾವನ ಹೆಸರು ಅವರಿಗೆ ತಿಳಿಯದು, ಎಂದೂ ಸೇರಿಸಿದಳು.

ಓದುಗ ಮಿತ್ರರೇ, ನಿಮ್ಮಲ್ಲಿ ಹಲವರ ಒಡಹುಟ್ಟಿದವರೋ ಮಕ್ಕಳೋ ಆ ದೇಶದಲ್ಲಿರಬಹುದು. ಕೆಲವರು ಮಕ್ಕಳೊಡನೆ ಇರಲೆಂದು ಹಸಿರು ಕಾರ್ಡು ಪಡೆದು ಹೋಗಿರಬಹುದು. 65 ದಾಟಿ, ಸತತ ಐದು ವರ್ಷ ಅಲ್ಲಿ ವಾಸಿಸಿದ ಬಳಿಕ ಅವರೂ ಪ್ರೀಮಿಯಂ ಕಟ್ಟಿ ಮೆಡಿಕೇರ್ ಸೇರಬಹುದು. ಅಂಥವರು ಒಂದು ವಿಷಯವನ್ನು ನೆನಪಿಡಬೇಕು: ಮೂಲ ಮೆಡಿಕೇರ್ ಸಾಮಾನ್ಯವಾಗಿ ಭಾರತದಲ್ಲಿ ಪಡೆದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅವರಲ್ಲಿ ಯಾರಾದರೂ ಒಂದು ಸಂಜೆ ಫೋನು ಮಾಡಿ ಯಾವುದನ್ನು ಆರಿಸಲೆಂದು ಕೇಳಿಯಾರು. ಸೊನ್ನೆಯನ್ನು ಕಂಡೊಡನೆ ಉತ್ತರಿಸಬೇಡಿ. ಊರಿನ ಯಾವ ಬಾಗಿಲು ಈ ಕಾರ್ಡಿಗೆ ತೆರೆಯುತ್ತದೆ, ನಾಳೆ ಹೊಸ ಬಾಗಿಲು ಬಂದರೆ ಅದೂ ತೆರೆದೀತೇ, ಇಂದು ಬಿಟ್ಟ ದಾರಿಗೆ ಮುಂದೆ ಹಿಂದಿರುಗಲಾದೀತೇ ಎಂದು ಕೇಳಿ. ಉತ್ತರ ತಿಳಿಯದಿದ್ದರೆ, ತಿಳಿದವರ ಬಳಿಗೆ ಕಳುಹಿಸಿ.

ಒಪ್ಪಂದಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಪ್ರತಿ ಸೆಪ್ಟೆಂಬರಿನ ಕೊನೆಯೊಳಗೆ, ಮುಂದಿನ ವರ್ಷ ಏನೇನು ಬದಲಾಗಲಿದೆಯೆಂದು ತಿಳಿಸುವ ಪತ್ರವೊಂದು ವಿಮಾ ಕಂಪನಿಯಿಂದ ಬರುತ್ತದೆ. ಮೊದಲೆಲ್ಲ ಅಕ್ಕ ಅದನ್ನು ಒಡೆಯದೆ ಡ್ರಾಯರಿಗೆ ಹಾಕುತ್ತಿದ್ದಳು. ಈಗ ಕನ್ನಡಕ ಹಾಕಿಕೊಂಡು, ನನಗೆ ಫೋನಿನಲ್ಲಿ ಸಾಲುಸಾಲಾಗಿ ಓದಿ ಹೇಳುತ್ತಾಳೆ. ನಾನು ಕೇಳಿಸಿಕೊಳ್ಳುತ್ತೇನೆ.