ಅಜ್ಜಿಯ ಗಲ್ಲಕ್ಕೆ ಹಸಿ

ಹುಬ್ಬಳ್ಳಿ ನವನಗರದ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್‌ಗೆ ಕಿಮೋಥೆರಪಿ ಮುಗಿಸಿ ನನ್ನಾಕೆ ನವಲಗುಂದಕ್ಕೆ ಬಂದಾಗ ಸುಗ್ಗಿಯ ಒಣಗಾಳಿ. ನಿತ್ಯದ ಹಾರ್ಮೋನ್ ಮಾತ್ರೆಯೂ ಚರ್ಮ ಒಣಗಿಸುತ್ತದಂತೆ. “ಅಜ್ಜಿ, ನಿನ್ನ ಗಲ್ಲ ಬ್ಯಾಸಗಿ ಎರಿಹೊಲದಂಗ ಬಿರದೈತಿ” ಅಂದಳು ಮೊಮ್ಮಗಳು. ಅಂದಿನಿಂದ ಆಕೆ ಸೆರಗು ಮುಚ್ಚಿಕೊಂಡೇ ಕೂತಳು. ಕಡಲೆಹಿಟ್ಟು ಹಚ್ಚಿ ತಿಕ್ಕಿದಷ್ಟೂ ಉರಿ ಹೆಚ್ಚಿತು.

ಡಾಕ್ಟರು ಹಿಟ್ಟು, ಸಾಬೂನು, ಸುಡುನೀರು ಬಿಡಿಸಿದರು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಹಸಿ ಇರುವಾಗಲೇ ವ್ಯಾಸಲೀನ್ ತೆಳ್ಳಗೆ ಹಚ್ಚಬೇಕು.

“ಮಳಿ ಆದಮ್ಯಾಲ ಹಸಿ ಆರೂದರೊಳಗ ಕುಂಟಿ ಹೊಡದಂಗ!” ರೈತನ ಮಗಳು ತಟ್ಟನೆ ಅಂದಳು. ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಬರೆದ ನನಗೆ ಇದು ಹೊಳೆದಿರಲಿಲ್ಲ.

ಈಗ ಹಚ್ಚುವ ಕೆಲಸ ಮೊಮ್ಮಗಳದು. ಮರೆತರೆ ಅಜ್ಜಿಯೇ ಕೂಗಿ ಕರೆಯುತ್ತಾಳೆ.